ಹಫ್ತಾ, ಸಪ್ತಾಹ ಮತ್ತು ಏಳು: ಯಾವ ಭಾಷೆಗೆ ಯಾವುದು ನೆಂಟ?

ಪ್ರಶ್ನೆ: ನಾನು ಹುಮನಾಬಾದಿನಲ್ಲಿ ದಸ್ತಾವೇಜು ಬರೆಯುವ ಕೆಲಸ ಮಾಡುತ್ತೇನೆ ಸರ್. ಮನೆಯಲ್ಲಿ ಕನ್ನಡ, ತಾಯಿಯ ತವರಿನಲ್ಲಿ ಮರಾಠಿ, ಕೆಲಸದ ಜಾಗದಲ್ಲಿ ಅರ್ಧ ದಿನ ದಖನಿ, ಅಂದರೆ ನಮ್ಮ ಕಡೆಯ ಉರ್ದು. ಕಲಬುರಗಿಯಲ್ಲಿ ಬಿ.ಎ. ಓದುವ ಮಗಳು ಮೊನ್ನೆ ಊರಿಗೆ ಬಂದವಳು, "ಅಪ್ಪಾ, ಉರ್ದು, ಫಾರ್ಸಿ, ಇಂಗ್ಲಿಷ್ ಎಲ್ಲ ಸಂಸ್ಕೃತದ ನೆಂಟರು, ನಮ್ಮ ಕನ್ನಡ ಮಾತ್ರ ಅಲ್ಲ" ಅಂದಳು. ನನಗೆ ಇದು ತಲೆಕೆಳಗು ಅನಿಸಿತು. ಕನ್ನಡದಲ್ಲಿ ಎಷ್ಟೊಂದು ಸಂಸ್ಕೃತ ಪದ ಇವೆಯಲ್ಲ? ಇಂಗ್ಲಿಷಿನ 'ಒನ್' ಕೂಡ ನಮ್ಮ 'ಒಂದು' ಇದ್ದಂಗೇ ಇದೆ. ಸಂಸ್ಕೃತ ಎಲ್ಲ ಭಾಷೆಗಳ ತಾಯಿ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಅದೂ ಸುಳ್ಳೇನು? ಇದನ್ನೆಲ್ಲ ಯಾರು, ಹೇಗೆ ಕಂಡುಹಿಡಿದರು? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮಗಳು ಹೇಳಿದ್ದು ಸರಿ. ಹಾಗಂತ ನಿಮ್ಮ ಅನುಮಾನವೂ ಸುಮ್ನೆ ಬಂದದ್ದಲ್ಲ. ಕಿವಿಯನ್ನು ನಂಬಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಭಾಷೆಗಳ ನೆಂಟಸ್ತನದ ವಿಷಯದಲ್ಲಿ ಕಿವಿ ಒಳ್ಳೆಯ ಸಾಕ್ಷಿ ಅಲ್ಲ.

ನಿಮ್ಮ 'ಒಂದು–ಒನ್' ಜೋಡಿಯಿಂದಲೇ ಶುರು ಮಾಡೋಣ. ಇಂಗ್ಲಿಷಿನ ಈ ಪದ ಸಾವಿರ ವರ್ಷದ ಹಿಂದೆ 'ಆನ್' ಅಂತ ಇತ್ತು. ಈಗ ಬಾಯಲ್ಲಿ 'ವನ್' ಅನ್ನುವಾಗ ಮೊದಲಿಗೆ ಕೇಳುವ 'ವ' ಸದ್ದು ಆಮೇಲೆ ಸೇರಿಕೊಂಡದ್ದು. 'ಅಲೋನ್', 'ಓನ್ಲಿ' ಎಂಬ ಪದಗಳೂ ಇದರಿಂದಲೇ ಹುಟ್ಟಿದವು, ಅವುಗಳಲ್ಲಿ ಇವತ್ತಿಗೂ ಆ 'ವ' ಇಲ್ಲ. ಲ್ಯಾಟಿನ್ನಿನ 'ಊನುಸ್', ಜರ್ಮನ್ನಿನ 'ಐನ್' ಇದರ ಒಡಹುಟ್ಟಿದವು. ನಮ್ಮ 'ಒಂದು' ಪದದ ಬಳಗ ಬೇರೆ: ಒಬ್ಬ, ಒರ್ವ, ತಮಿಳಿನ 'ಒನ್ರು', ತೆಲುಗಿನ 'ಒಕಟಿ'. ಹಿಂದಕ್ಕೆ ಹೋದಷ್ಟೂ ಎರಡೂ ದೂರ ದೂರ ಆಗುತ್ತವೆ. ಈಗ ಹತ್ತಿರ ಕಾಣುವುದು ಬರೀ ಕಾಕತಾಳೀಯ.

ಇದಕ್ಕಿಂತ ಚೆಂದದ ಉದಾಹರಣೆ ನಿಮ್ಮ ಅಂಗಡಿ ಮುಂದೆಯೇ ಓಡಾಡುತ್ತಿರುತ್ತದೆ. ಬದ್ನಾಮ್, ಬದ್ಮಾಶ್ ಅಂತೀವಲ್ಲ, ಅದರಲ್ಲಿರುವ ಫಾರ್ಸಿಯ 'ಬದ್' ಅಂದರೆ ಕೆಟ್ಟದ್ದು. ಇಂಗ್ಲಿಷಿನ 'ಬ್ಯಾಡ್' ಅಂದರೂ ಕೆಟ್ಟದ್ದು. ಸದ್ದು ಒಂದೇ, ಅರ್ಥ ಒಂದೇ, ಎರಡೂ ಭಾಷೆ ಒಂದೇ ಕುಟುಂಬದವು. ಆದರೂ ಈ ಎರಡು ಪದಗಳಿಗೆ ಸಂಬಂಧವೇ ಇಲ್ಲ! ಫಾರ್ಸಿ ಪದದ ಹಳೆಯ ರೂಪ 'ವದ್'.

ಹಾಗಾದರೆ ನೆಂಟಸ್ತನ ಗೊತ್ತಾಗುವುದು ಹೇಗೆ? ನಿಯಮದಿಂದ. ಒಂದು ಭಾಷೆಯ ಒಂದು ಸದ್ದಿನ ಜಾಗದಲ್ಲಿ ಇನ್ನೊಂದು ಭಾಷೆಯಲ್ಲಿ ಪ್ರತಿ ಸಲವೂ ಇಂಥದೇ ಸದ್ದು ಬರಬೇಕು. ಒಂದೆರಡು ಪದಗಳಲ್ಲಿ ಬಂದರೆ ಸಾಲದು, ಸಾಲು ಸಾಲಾಗಿ ಬರಬೇಕು. ಪದಗಳು ನೋಡಲು ಒಂದೇ ಥರ ಇರಲೇಬೇಕು ಅಂತೇನಿಲ್ಲ. 'ಎರಡು' ಅನ್ನುವುದಕ್ಕೆ ಅರ್ಮೇನಿಯನ್ ಭಾಷೆಯಲ್ಲಿ 'ಎರ್ಕು' ಅನ್ನುತ್ತಾರೆ. ಅದು ಸಂಸ್ಕೃತದ 'ದ್ವ', ಲ್ಯಾಟಿನ್ನಿನ 'ದುಓ' ಪದಗಳ ಒಡಹುಟ್ಟಿದ ಪದ. ಕೇಳಿದರೆ ನಮ್ಮ 'ಎರಡು' ಪದಕ್ಕೇ ಹತ್ತಿರ ಅನಿಸುತ್ತದೆ, ಅಲ್ವಾ? ಕಿವಿಯನ್ನು ನಂಬಬೇಡಿ ಅಂದದ್ದು ಇದಕ್ಕೇ.

ಕನ್ನಡದ ಒಳಗೇ ಇಂಥ ಒಂದು ನಿಯಮ ಇದೆ, ನಿಮಗೆ ಅದು ಗೊತ್ತಿರುವುದೇ. ಹಾಲು, ಹುಲಿ, ಹೂ, ಹೆಸರು, ಹತ್ತು, ಹಲ್ಲು. ಯಾದಗಿರಿ, ಗುರುಮಠಕಲ್ ಕಡೆಯ ತೆಲುಗಿನವರನ್ನು ಕೇಳಿ: ಪಾಲು, ಪುಲಿ, ಪುವ್ವು, ಪೇರು, ಪದಿ, ಪಲ್ಲು. ತಮಿಳಿನಲ್ಲೂ 'ಪ'. ಹಳಗನ್ನಡದಲ್ಲೂ ಪಾಲ್, ಪುಲಿ, ಪೂ, ಪೆಸರ್. 10ನೇ ಶತಮಾನದಿಂದ ಮುಂದಿನ ಶಾಸನಗಳಲ್ಲಿ ಪದದ ಮೊದಲ 'ಪ' ನಿಧಾನಕ್ಕೆ 'ಹ' ಆಗುತ್ತಾ ಹೋಗುತ್ತದೆ. ಯಾರೋ ಕೂತು ತೀರ್ಮಾನ ಮಾಡಿದ್ದಲ್ಲ. ಬಾಯಿಂದ ಬಾಯಿಗೆ ಆದದ್ದು. ಆದರೂ ಎಷ್ಟು ಶಿಸ್ತಾಗಿ ಆಗಿದೆ ನೋಡಿ. ಹುಲಿಗೆ ಒಂದು ನ್ಯಾಯ, ಹಾಲಿಗೆ ಒಂದು ನ್ಯಾಯ ಇಲ್ಲ.

ಈಗ ಫಾರ್ಸಿಗೆ ಬರೋಣ. ಸಂಸ್ಕೃತ ಮತ್ತು ಫಾರ್ಸಿಯ ನಡುವೆಯೂ ಇಂಥದೇ ಒಂದು ಸಾಲು ಇದೆ. ಸಂಸ್ಕೃತದ 'ಸ' ಇದ್ದ ಕಡೆ ಇರಾನಿನ ಭಾಷೆಗಳಲ್ಲಿ 'ಹ'. ಸಿಂಧು–ಹಿಂದು, ಅಸುರ–ಅಹುರ, ಸೋಮ–ಹವೋಮ, ಮಾಸ–ಮಾಹ್, ಸಹಸ್ರ–ಹಜಾರ್, ಸಪ್ತ–ಹಫ್ತ್. ಕೊನೆಯದು ಬೀದರ್‌ನಲ್ಲಿ ದಿನಾ ಕೇಳುವ ಮಾತು. ಪಂಢರಪುರದ ವಿಠ್ಠಲನ ಭಕ್ತರು ಊರಲ್ಲಿ ಏಳು ದಿನ ಭಜನೆ, ಕೀರ್ತನೆ ಇಟ್ಟುಕೊಂಡರೆ ಅದು ಸಪ್ತಾಹ. ಸಾಲದ ಕಂತು ಕಟ್ಟುವುದಾದರೆ ಅದು ಹಫ್ತಾ, ಅಂದರೆ ಮೊದಲ ಅರ್ಥದಲ್ಲಿ ವಾರಕ್ಕೊಮ್ಮೆ ಕೊಡುವ ದುಡ್ಡು. ಒಂದು ದೇವರ ಲೆಕ್ಕ, ಇನ್ನೊಂದು ಸಾಲದ ಲೆಕ್ಕ. ಎರಡರ ಒಳಗೂ ಕೂತಿರುವುದು ಒಂದೇ ಹಳೆಯ 'ಏಳು'. ಕನ್ನಡದ 'ಏಳು' ಮಾತ್ರ ಆ ಸಾಲಿಗೆ ಸೇರಿದ್ದಲ್ಲ. ಅದು ತಮಿಳಿನ 'ಏಳು', ತೆಲುಗಿನ 'ಏಡು' ಜೊತೆಗಾರ.

ನಿಮ್ಮ ಕಸುಬಿನ ಪದವನ್ನೇ ತೆಗೆದುಕೊಳ್ಳಿ. ದಸ್ತಾವೇಜು, ದಸ್ತಗಿರಿ. ಇವುಗಳಲ್ಲಿರುವ 'ದಸ್ತ್' ಅಂದರೆ ಫಾರ್ಸಿಯಲ್ಲಿ ಕೈ. ಸಂಸ್ಕೃತದಲ್ಲಿ ಹಸ್ತ. ಇಲ್ಲಿ 'ಹ' ಇದ್ದಲ್ಲಿ 'ದ' ಹೇಗೆ ಬಂತು ಅಂತ ನೀವು ಕೇಳಬಹುದು. ಅದಕ್ಕೂ ಸಾಲು ಇದೆ. ಸಂಸ್ಕೃತದಲ್ಲಿ 'ನಾನು' ಅನ್ನಲು 'ಅಹಂ'. ಇರಾನಿನ ದಾರಾ ದೊರೆ ಬೆಹಿಸ್ತೂನ್ ಬಂಡೆಯ ಮೇಲೆ ಹಳೆಯ ಪರ್ಷಿಯನ್ನಿನಲ್ಲಿ (ಫಾರ್ಸಿಯ ಹಳೆಯ ರೂಪ) ಕೆತ್ತಿಸಿದ್ದು 'ಅದಂ'. ಇರಾನಿನದೇ ಇನ್ನೊಂದು ಹಳೆಯ ಭಾಷೆ ಅವೆಸ್ತನ್ನಿನಲ್ಲಿ ಇವೇ ಪದಗಳು 'ಝಸ್ತ' ಮತ್ತು 'ಅಝೆಂ'. ಹ, ದ, ಝ ಮೂರೂ ಲೆಕ್ಕ ತಪ್ಪದೆ ಕೂರುತ್ತವೆ. ಇನ್ನೊಂದು ಪ್ರಶ್ನೆಯೂ ಏಳಬೇಕು: 'ಸ' ಹೋಗಿ 'ಹ' ಆಗಬೇಕಿದ್ದರೆ 'ದಸ್ತ್' ಪದದಲ್ಲಿ 'ಸ' ಯಾಕೆ ಉಳಿಯಿತು? ಮುಂದೆ 'ತ' ಇದ್ದರೆ 'ಸ' ಅಲುಗುವುದಿಲ್ಲ. ಅದು ಆ ನಿಯಮದ ಷರತ್ತು. ಇಂಥ ಷರತ್ತುಗಳೇ ಈ ಶಾಸ್ತ್ರದ ರುಚಿ ಅಂತ ನನಗೆ ಅನಿಸುತ್ತದೆ.

ದಸ್ತಗಿರಿಯ ಇನ್ನರ್ಧವನ್ನೂ ನೋಡಿ. 'ಗೀರ್' ಅಂದರೆ ಹಿಡಿಯುವುದು. ಅದು ಸಂಸ್ಕೃತದ 'ಗ್ರಹ್' ಧಾತುವಿನ ನೆಂಟ. ವೇದದಲ್ಲಿ ಅದರ ಹಳೆಯ ರೂಪ 'ಗೃಭ್'. ಅಂದರೆ ದಸ್ತಗಿರಿ ಅನ್ನುವುದೂ ಹಸ್ತಗ್ರಹಣ ಅನ್ನುವುದೂ ಮೂಲದಲ್ಲಿ ಒಂದೇ ಜೋಡಿ. ಒಂದು ಪೊಲೀಸರ ಕಡೆಗೆ ಹೋಯಿತು, ಇನ್ನೊಂದು ಮದುವೆ ಮಂಟಪದ ಕಡೆಗೆ. ಹಾಗೇ ಜಮೀನ್ದಾರ, ಹವಾಲ್ದಾರ ಪದಗಳ 'ದಾರ್' ನಮ್ಮ ಗಂಗಾಧರ, ಚಕ್ರಧರ ಪದಗಳಲ್ಲಿರುವ 'ಧರ'. ಕರ್ನಾಟಕ ಬಂದ್ ಅಂತ ಪೇಪರಿನಲ್ಲಿ ಬರುವ 'ಬಂದ್', ಸಂಸ್ಕೃತದ 'ಬಂಧ', ಇಂಗ್ಲಿಷಿನ 'ಬೈಂಡ್' ಮೂರೂ ಒಂದೇ ಬೇರಿನವು.

ಒಂದು ಎಚ್ಚರಿಕೆ. ಕಚೇರಿಯ ಪದಗಳೆಲ್ಲ ಹೀಗೆ ಅಂದುಕೊಳ್ಳಬೇಡಿ. ತಹಶೀಲು, ಹಿಸ್ಸಾ, ನಕಲು, ವಕೀಲ, ಜಿಲ್ಲಾ ಇವು ಅರಬ್ಬಿ ಮೂಲದವು, ಫಾರ್ಸಿಯ ಮೂಲಕ ನಮಗೆ ಬಂದವು. ಅರಬ್ಬಿ ಬೇರೆಯೇ ಕುಟುಂಬ. ಹೀಬ್ರೂ ಅದರ ನೆಂಟ, ಸಂಸ್ಕೃತ ಅಲ್ಲ. ಅಂದರೆ 'ತಹಶೀಲ್ದಾರ್' ಎಂಬ ಒಂದೇ ಪದದ ತಲೆ ಒಂದು ಕುಟುಂಬದ್ದು, ಬಾಲ ಇನ್ನೊಂದು ಕುಟುಂಬದ್ದು.

ಇಲ್ಲಿಗೆ ನಿಮ್ಮ ಮುಖ್ಯ ಪ್ರಶ್ನೆ ಬಂತು. ಕನ್ನಡದಲ್ಲಿ ಇಷ್ಟೊಂದು ಸಂಸ್ಕೃತ ಇದೆಯಲ್ಲ? ಇದೆ. ಆದರೆ ಅದು ತಂದದ್ದು. ಪಕ್ಕದ ಮನೆಯ ಪಾತ್ರೆ ನಮ್ಮ ಅಡುಗೆಮನೆಯಲ್ಲಿ ಎಷ್ಟೇ ಇದ್ದರೂ ನಾವು ಆ ಮನೆಯವರಾಗುವುದಿಲ್ಲ. ಕುತೂಹಲದ ಸಂಗತಿ ಅಂದರೆ, ಯಾವ ಪದ ಯಾವಾಗ ಬಂತು ಅಂತ ಹೇಳಲು ಆ 'ಪ–ಹ' ನಿಯಮವೇ ಸಹಾಯಕ್ಕೆ ಬರುತ್ತದೆ. ಹಬ್ಬ ಅನ್ನುವುದು ಸಂಸ್ಕೃತದ 'ಪರ್ವ'. ಹುಣ್ಣಿಮೆ 'ಪೂರ್ಣಿಮಾ'. ಹೊತ್ತಿಗೆ 'ಪುಸ್ತಕ'. ಇವು 'ಪ' ಇನ್ನೂ 'ಪ' ಆಗಿದ್ದ ಕಾಲಕ್ಕೇ ಬಂದು, ಜನರ ಬಾಯಲ್ಲಿ ಬೆರೆತು, ಹಾಲು, ಹುಲಿಗಳ ಜೊತೆಯಲ್ಲೇ 'ಹ' ಆದವು. ಓದುಬರಹದವರು ಗ್ರಂಥದಿಂದ ಮತ್ತೆ ಎತ್ತಿಕೊಂಡ ಪರ್ವ, ಪೂರ್ಣಿಮೆ, ಪುಸ್ತಕಗಳು ಹಾಗೇ ಉಳಿದವು.

ಈಗ ಫಾರ್ಸಿಯಿಂದ ಬಂದವನ್ನು ನೋಡಿ: ಪರದೆ, ಪೋಷಾಕು, ಪೈಲ್ವಾನ, ಪರವಾನಗಿ. ಇವನ್ನು ಪುಸ್ತಕ ನೋಡಿ ಕಲಿತವರು ಕಡಿಮೆ. ಪೇಟೆಯಲ್ಲಿ, ದರ್ಬಾರಿನಲ್ಲಿ, ಗರಡಿಯಲ್ಲಿ ಕೇಳಿ ಕಲಿತದ್ದು. ಆದರೂ ಒಂದೂ 'ಹ' ಆಗಿಲ್ಲ. ಹರದೆ ಅಂತ ಯಾರೂ ಅನ್ನುವುದಿಲ್ಲ. ಅಂದರೆ ಇವು ಬರುವ ಹೊತ್ತಿಗೆ 'ಪ' ಹೋಗಿ 'ಹ' ಆಗುವ ಕಾಲ ಮುಗಿಯುತ್ತಾ ಬಂದಿತ್ತು. ಇತಿಹಾಸ ಹೇಳುವುದೂ ಅದನ್ನೇ. ಬಹಮನಿ ದೊರೆಗಳು ಕಲಬುರಗಿಯಲ್ಲಿ ರಾಜ್ಯ ಕಟ್ಟಿದ್ದು 1347ರಲ್ಲಿ. ರಾಜಧಾನಿ ಬೀದರ್‌ಗೆ ಹೋದದ್ದು 15ನೇ ಶತಮಾನದಲ್ಲಿ. ಶಾಸನವನ್ನೇ ನೋಡದೆ, ಬರೀ ಪದಗಳ ಮೊದಲ ಅಕ್ಷರ ನೋಡಿ ಹಿಂದೆ-ಮುಂದೆ ಹೇಳಬಹುದು ಅನ್ನುವುದು ನನಗೆ ಈಗಲೂ ಸೋಜಿಗ.

'ಸಾವಿರ' ಇನ್ನೂ ಮಜವಾಗಿದೆ. ಇದು ಅಚ್ಚಗನ್ನಡ ಅಂತ ತುಂಬಾ ಜನ ತಿಳಿದಿದ್ದಾರೆ. ಹಳಗನ್ನಡದಲ್ಲಿ ಇದು 'ಸಾಸಿರ'. ಸಂಸ್ಕೃತದ 'ಸಹಸ್ರ' ಪ್ರಾಕೃತದ ಕಡೆಯಿಂದ ಬಂದು ಹೀಗಾಯಿತು. ನಿಮ್ಮ ತಾಯಿಯ ತವರಿನವರು ಸಾವಿರಕ್ಕೆ ಏನನ್ನುತ್ತಾರೆ? ಹಜಾರ್. ಅದು ಫಾರ್ಸಿ. ಸಂಸ್ಕೃತದ ಸ್ವಂತ ವಂಶದ ಮರಾಠಿ ಫಾರ್ಸಿಯಿಂದ ತಂದುಕೊಂಡಿತು, ಹೊರಗಿನ ಕನ್ನಡ ಸಂಸ್ಕೃತದ್ದನ್ನು ಇಟ್ಟುಕೊಂಡಿತು. ಆದರೂ ವಂಶ ಬದಲಾಗಲಿಲ್ಲ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಬ್ರಾಹುಈ ಅಂತ ಒಂದು ಭಾಷೆ ಇದೆ. ಕನ್ನಡದ ದೂರದ ದಾಯಾದಿ ಅದು. ಅಲ್ಲಿ ಕಣ್ಣಿಗೆ 'ಖನ್', ಎರಡಕ್ಕೆ 'ಇರಾಟ್', ಮೂರಕ್ಕೆ 'ಮುಸಿಟ್' ಅನ್ನುತ್ತಾರೆ. ನಾಲ್ಕರಿಂದ ಮುಂದೆ ಎಲ್ಲ ಅಕ್ಕಪಕ್ಕದಿಂದ ತಂದ 'ಚಾರ್' ಥರದ ಎಣಿಕೆ. ಎಣಿಕೆಯನ್ನೇ ಮರೆತರೂ ಬ್ರಾಹುಈ ಕನ್ನಡ, ತಮಿಳು, ತೆಲುಗುಗಳ ದ್ರಾವಿಡ ಕುಟುಂಬದ್ದೇ.

ಸಂಸ್ಕೃತದ ಕಡೆಯ ಮಾತು ನಮ್ಮ ಸೀಮೆಗೆ ಹೊಸದೇನಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಭಾಷೆ ಪ್ರಾಕೃತ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪದ ಕೆಳಗೆ 'ರಾಯಾ ಅಸೋಕೋ' ಅಂತ ಕೆತ್ತಿದ್ದಾರೆ. 'ರಾಜ' ಪ್ರಾಕೃತದಲ್ಲಿ 'ರಾಯ' ಆಗಿತ್ತು, ಕನ್ನಡ ಅದನ್ನೂ ತೆಗೆದುಕೊಂಡಿತು. ಆದರೂ ಇವೆರಡು ಬೇರೆ ಬೇರೆ ಜಾತಿಯ ಮಾತು ಅನ್ನುವ ಅರಿವು ಇಲ್ಲಿಯವರಿಗೆ ಮೊದಲಿಂದ ಇತ್ತು. 9ನೇ ಶತಮಾನದಲ್ಲಿ ನಮ್ಮ ಮಳಖೇಡದ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ', ಕನ್ನಡವನ್ನೂ ಸಂಸ್ಕೃತವನ್ನೂ ಒಂದೇ ಸಮಾಸದಲ್ಲಿ ಸಿಕ್ಕಾಪಟ್ಟೆ ಬೆರೆಸಬೇಡಿ ಅಂತ ಕವಿಗಳಿಗೆ ಎಚ್ಚರಿಕೆ ಕೊಡುತ್ತದೆ. ಕೊಡುಕೊಳ್ಳುವುದು ಒಂದೇ ಕಡೆಯದೂ ಅಲ್ಲ. ಸಂಸ್ಕೃತದ 'ನೀರ', 'ಮೀನ' ದ್ರಾವಿಡ ಭಾಷೆಗಳಿಂದ ಹೋದವು. ಮರಾಠಿಯ ಅಣ್ಣಾ, ಅಕ್ಕಾ ನಮ್ಮವೇ.

"ಹಾಗಾದರೆ ಫಾರ್ಸಿ, ಇಂಗ್ಲಿಷ್ ಕೂಡ ಸಂಸ್ಕೃತದಿಂದ ಪದ ತಂದಿರಬಹುದಲ್ಲ?" ಅಂತ ನೀವು ವಾದ ಹೂಡಬಹುದು. ಒಳ್ಳೆಯ ವಾದ. ಇದಕ್ಕೆ ಉತ್ತರ ವ್ಯಾಕರಣದಲ್ಲಿದೆ. ಜನ ವಸ್ತುಗಳ ಹೆಸರನ್ನು ಸುಲಭವಾಗಿ ತರುತ್ತಾರೆ. ಕ್ರಿಯಾಪದದ ಓರೆಕೋರೆಗಳನ್ನು ಹಾಗೆ ತರುವುದಿಲ್ಲ. ಸಂಸ್ಕೃತದಲ್ಲಿ 'ಇದ್ದಾನೆ' ಅನ್ನಲು 'ಅಸ್ತಿ', 'ಇದ್ದಾರೆ' ಅನ್ನಲು 'ಸಂತಿ'. ಬಹುವಚನದಲ್ಲಿ ಮೊದಲ 'ಅ' ಬಿದ್ದುಹೋಗುತ್ತದೆ, ವಿಚಿತ್ರ. ಲ್ಯಾಟಿನ್ನಿನಲ್ಲಿ 'ಎಸ್ತ್', ಬಹುವಚನ 'ಸುಂತ್'. ಜರ್ಮನ್ನಿನಲ್ಲಿ 'ಇಸ್ಟ್', 'ಜಿಂಟ್'. ಹಳೆಯ ಪರ್ಷಿಯನ್ನಿನಲ್ಲಿ 'ಅಸ್ತಿಯ್', 'ಹಂತಿಯ್'. ಎಲ್ಲ ಕಡೆ ಅದೇ ಸ್ವರ ಅದೇ ಜಾಗದಲ್ಲಿ ಬಿದ್ದಿದೆ. ಪರ್ಷಿಯನ್ನಿನಲ್ಲಿ 'ತ' ಮುಂದಿರುವಾಗ 'ಸ' ಉಳಿದು, ಇಲ್ಲದಾಗ 'ಹ' ಆದದ್ದನ್ನೂ ಗಮನಿಸಿ. ಮೇಲೆ ಹೇಳಿದ ಷರತ್ತು ಇಲ್ಲೂ ಹೊಂದುತ್ತದೆ.

ಸರ್ವನಾಮಗಳೂ ಹೀಗೇ. ಇಂಗ್ಲಿಷಿನ 'ಮೀ', ಮರಾಠಿಯ 'ಮೀ, ಮಾಝಾ', ದಖನಿಯ 'ಮೈ, ಮೇರಾ', ಫಾರ್ಸಿಯ 'ಮನ್' ಎಲ್ಲದರಲ್ಲೂ 'ಮ'. ಕನ್ನಡದ 'ನಾನು, ನೀನು' ಹೋಗಿ ಕೂರುವುದು ತಮಿಳಿನ 'ನಾನ್, ನೀ', ತೆಲುಗಿನ 'ನೇನು, ನೀವು' ಪಕ್ಕದಲ್ಲಿ. ಉರ್ದುವಿನಲ್ಲಿ ಅರಬ್ಬಿ, ಫಾರ್ಸಿ ಪದ ಎಷ್ಟೇ ಇರಲಿ, ಅದರ ಬೆನ್ನೆಲುಬು ಇದು. ಕರ್‌ನಾ, ಜಾನಾ, ಸುನ್‌ನಾ, ಹಾಥ್, ಕಾನ್ ಎಲ್ಲ ಸಂಸ್ಕೃತದ ಕಡೆಯಿಂದ ಪ್ರಾಕೃತಗಳಲ್ಲಿ ಹರಿದು ಬಂದವು. ನಿಮ್ಮ ಕಡೆ ತಾಂಡಾಗಳಲ್ಲಿ ಆಡುವ ಲಂಬಾಣಿಯೂ ಇದೇ ಗುಂಪು, ರಾಜಸ್ಥಾನಿಗೆ ಹತ್ತಿರ.

ಇಂಗ್ಲಿಷಿನ ದಾರಿ ಸ್ವಲ್ಪ ದೂರದ್ದು. ಪಾದ–ಫುಟ್, ಪಂಚ–ಫೈವ್, ಪಿತೃ–ಫಾದರ್: 'ಪ' ಇದ್ದಲ್ಲಿ 'ಫ'. ದಶ–ಟೆನ್, ದಂತ–ಟೂತ್, ದ್ವ–ಟೂ: 'ದ' ಇದ್ದಲ್ಲಿ 'ಟ'. ತ್ರಿ–ಥ್ರೀ, ತನು–ಥಿನ್: 'ತ' ಇದ್ದಲ್ಲಿ 'ಥ'. ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್ 1818ರಲ್ಲಿ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಇದನ್ನು ಬರೆದರು. ಮಕ್ಕಳ ಕಥೆ ಕೂಡಿಸಿದ ಅಣ್ಣತಮ್ಮಂದಿರಲ್ಲಿ ಅಣ್ಣನೇ ಈ ಗ್ರಿಮ್.

ಆದರೆ ಒಂದು ಕಡೆ ಲೆಕ್ಕ ಕೈಕೊಡುತ್ತಿತ್ತು. ಹಳೆಯ ಇಂಗ್ಲಿಷಿನಲ್ಲಿ ಅಣ್ಣತಮ್ಮನಿಗೆ 'ಬ್ರೋಥೊರ್', ಸರಿಯಾಗಿ 'ಥ'. ಅಪ್ಪನಿಗೆ ಮಾತ್ರ 'ಫ್ಯಾದೆರ್', ಅಮ್ಮನಿಗೆ 'ಮೋದೊರ್'. ಎಲ್ಲದರಲ್ಲೂ ಮೂಲದ ಸದ್ದು 'ತ' ಆಗಿದ್ದರೆ ಇಲ್ಲಿ 'ದ' ಯಾಕೆ? ಐವತ್ತು ವರ್ಷ ಇದು ಬರೀ ಅಪವಾದ ಅಂತ ಪಟ್ಟಿಯಲ್ಲಿ ಉಳಿಯಿತು. ಡೆನ್ಮಾರ್ಕಿನವನೇ ಆದ ಕಾರ್ಲ್ ವೆರ್ನರ್ ಒಂದು ದಿನ ನಿದ್ದೆ ಬರಲಿ ಅಂತ ಫ್ರಾನ್ಜ್ ಬೊಪ್ ಬರೆದ, ಸಂಸ್ಕೃತವನ್ನು ಯುರೋಪಿನ ಭಾಷೆಗಳ ಜೊತೆ ಹೋಲಿಸುವ ವ್ಯಾಕರಣ ಹಿಡಿದು ಮಲಗಿದ್ದನಂತೆ. ವೇದದ ಸ್ವರದ ಗುರುತು ಕಣ್ಣಿಗೆ ಬಿತ್ತು. 'ಭ್ರಾತಾ' ಪದದಲ್ಲಿ ಉದಾತ್ತ, ಅಂದರೆ ಏರುದನಿ, ಮೊದಲ ಅಕ್ಷರದ ಮೇಲೆ. 'ಪಿತಾ', 'ಮಾತಾ' ಪದಗಳಲ್ಲಿ ಕೊನೆಯ ಅಕ್ಷರದ ಮೇಲೆ. ಉದಾತ್ತ 'ತ' ಸದ್ದಿನ ಹಿಂದೆಯೇ ಇದ್ದರೆ ಇಂಗ್ಲಿಷಿನಲ್ಲಿ 'ಥ', ಇಲ್ಲದಿದ್ದರೆ 'ದ'. 1877ರಲ್ಲಿ ಇದು ಅಚ್ಚಾಯಿತು. ನಮ್ಮ ಕಡೆ ವೇದ ಹೇಳುವವರು ದನಿ ಏರಿಸಿ ಇಳಿಸಿ ಬಾಯಿಪಾಠ ಮಾಡುತ್ತಾರಲ್ಲ, ಆ ಏರಿಳಿತ ಇಂಗ್ಲಿಷಿನ ಒಂದು ವ್ಯಂಜನದ ಗಂಟನ್ನು ಬಿಡಿಸಿತು. ಈ ಶಾಸ್ತ್ರದಲ್ಲಿ ನನಗೆ ತುಂಬಾ ಇಷ್ಟವಾದ ಘಟನೆ ಇದು.

ಹಾಗಿದ್ದರೆ ಸಂಸ್ಕೃತ ತಾಯಿ ಆಗಬೇಕಲ್ಲ? ಮೊದಮೊದಲು ಯುರೋಪಿನ ಕೆಲವು ಪಂಡಿತರೂ ಹಾಗೇ ಭಾವಿಸಿದ್ದರು. 1870ರ ದಶಕದಲ್ಲಿ ಆ ನಂಬಿಕೆ ನಿಂತುಹೋಯಿತು. ಯಾಕೆ ಅಂತ ತಿಳಿಯಲು ಮತ್ತೆ ಯಾದಗಿರಿಯ ತೆಲುಗಿಗೆ ಹೋಗಬೇಕು. ನಮ್ಮ ಕಿವಿ ಅವರಲ್ಲಿ 'ಚೆವಿ'. ಕೆರೆ 'ಚೆರುವು'. ಕೆಟ್ಟ 'ಚೆಡ್ಡ'. ಮುಂದೆ ಇ, ಎ ಸ್ವರ ಇದ್ದ ಕಡೆ ತೆಲುಗಿನಲ್ಲಿ 'ಕ' ಹೋಗಿ 'ಚ' ಆಯಿತು, ಕನ್ನಡದಲ್ಲಿ ಹಾಗೇ ಉಳಿಯಿತು. ಸಂಸ್ಕೃತದಲ್ಲೂ ಇದೇ ಆಗಿದೆ. 'ಪಾಕ' ಅನ್ನುವಾಗ 'ಕ', 'ಪಚತಿ' ಅನ್ನುವಾಗ 'ಚ'. ಆದರೆ ಸಂಸ್ಕೃತದಲ್ಲಿ ಎರಡೂ ಕಡೆ ಮುಂದಿರುವುದು 'ಅ'. ಹಾಗಾದರೆ 'ಚ' ಆಗಲು ಕಾರಣ ಏನು? ಗ್ರೀಕ್, ಲ್ಯಾಟಿನ್ ಜೊತೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. 'ಪಚತಿ'ಯಲ್ಲಿ ಒಂದು ಕಾಲಕ್ಕೆ 'ಎ' ಇತ್ತು, 'ಪಾಕ'ದಲ್ಲಿ 'ಒ' ಇತ್ತು. 'ಎ' ಮೊದಲು 'ಕ' ಸದ್ದನ್ನು 'ಚ' ಮಾಡಿತು. ಆಮೇಲೆ ಎ, ಒ ಎರಡೂ ಕರಗಿ 'ಅ' ಆದವು. ಸಂಸ್ಕೃತದಲ್ಲಿ 'ದಶ', ಲ್ಯಾಟಿನ್ನಿನಲ್ಲಿ 'ದೆಕೆಂ', ಗ್ರೀಕಿನಲ್ಲಿ 'ದೆಕ'. ಅಂದರೆ ಸ್ವರಗಳ ವಿಷಯದಲ್ಲಿ ಗ್ರೀಕ್, ಲ್ಯಾಟಿನ್ ಹಳೆಯದನ್ನು ಉಳಿಸಿಕೊಂಡಿವೆ. ಘ, ಧ, ಭ ಥರದ ಸದ್ದುಗಳನ್ನು ಸಂಸ್ಕೃತ ಉಳಿಸಿಕೊಂಡಿದೆ. ಆಸ್ತಿ ಹಂಚಿಹೋಗಿದೆ. ಇವರೆಲ್ಲ ಅಕ್ಕತಂಗಿಯರು. ತಾಯಿಯ ಮಾತು ಬರಹಕ್ಕೆ ಇಳಿಯುವ ಮೊದಲೇ ಕಾಣೆಯಾಯಿತು.

ಆ ಕಾಣದ ತಾಯಿಯ ಬಗ್ಗೆ ಹೇಳುವುದೆಲ್ಲ ಬರೀ ಊಹೆ ಅನ್ನುವವರಿದ್ದಾರೆ. ಅವರಿಗೆ ನಾನು ಫರ್ಡಿನಾಂಡ್ ಸೊಸ್ಯೂರ್ ಕಥೆ ಹೇಳುತ್ತೇನೆ. 1879ರ ಹೊತ್ತಿಗೆ, ಇಪ್ಪತ್ತೊಂದರ ಈ ಹುಡುಗ ಲೆಕ್ಕ ಹಾಕಿ ಬರೆದ: ಮೂಲ ಭಾಷೆಯಲ್ಲಿ ಕೆಲವು ಸದ್ದುಗಳು ಇದ್ದಿರಲೇಬೇಕು, ಈಗ ಗೊತ್ತಿರುವ ಯಾವ ಭಾಷೆಯಲ್ಲೂ ಅವು ಉಳಿದಿಲ್ಲ. ನಂಬಿದವರು ಕಡಿಮೆ. ಆಮೇಲೆ ಟರ್ಕಿಯ ಬೊಗಾಜ್‌ಕೊಯಿಯಲ್ಲಿ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. 1915ರಲ್ಲಿ ಚೆಕ್ ಪಂಡಿತ ಹ್ರೋಜ್ನಿ ಅವನ್ನು ಓದಿದ. ರೊಟ್ಟಿ ತಿನ್ನುವ, ನೀರು ಕುಡಿಯುವ ಒಂದು ಸಾಲು ಅವನಿಗೆ ದಾರಿ ತೋರಿಸಿತು. ಅದರಲ್ಲಿ ನೀರಿಗೆ 'ವಾತರ್' ಅಂತ ಇತ್ತು. ಇಂಗ್ಲಿಷಿನ 'ವಾಟರ್', ಸಂಸ್ಕೃತದ 'ಉದಕ' ಅದರ ನೆಂಟರು. ತಿನ್ನುವುದಕ್ಕೆ ಇದ್ದ ಪದ ಇಂಗ್ಲಿಷಿನ 'ಈಟ್' ಪದದ ನೆಂಟ, ನಮ್ಮ 'ಅನ್ನ'ದ್ದೂ ನೆಂಟ. ಅದು ಹಿಟ್ಟೈಟ್ ಭಾಷೆ. 1927ರಲ್ಲಿ ಪೋಲೆಂಡಿನ ಕುರಿಲೊವಿಚ್ ತೋರಿಸಿದ್ದು ಇನ್ನೂ ದೊಡ್ಡದು. ಸೊಸ್ಯೂರ್ ಹೇಳಿದ ಜಾಗದಲ್ಲಿ ಹಿಟ್ಟೈಟಿನಲ್ಲಿ 'ಖ'ಗೆ ಹತ್ತಿರದ ಒಂದು ಸದ್ದು ಕೂತಿದೆ! ಲ್ಯಾಟಿನ್ನಿನಲ್ಲಿ 'ಅಂತೆ', ಸಂಸ್ಕೃತದಲ್ಲಿ 'ಅಂತಿ' ಇರುವ ಪದ ಅಲ್ಲಿ 'ಖಂತಿ'. ಲೆಕ್ಕ ಮೊದಲು, ಸಾಕ್ಷಿ ಆಮೇಲೆ. ಸೊಸ್ಯೂರ್ ಅಷ್ಟರಲ್ಲಿ ತೀರಿಕೊಂಡಿದ್ದ.

ಯಾರು ಕಂಡುಹಿಡಿದರು ಅಂತ ಕೇಳಿದ್ದೀರಿ. ಪಠ್ಯಪುಸ್ತಕದಲ್ಲಿ ವಿಲಿಯಂ ಜೋನ್ಸ್ ಹೆಸರು ಇರುತ್ತದೆ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರ ಫೆಬ್ರುವರಿ 2ರಂದು ಅವರು ಮಾಡಿದ ಭಾಷಣ ಪ್ರಸಿದ್ಧ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಈಗ ಬಹುಶಃ ಇಲ್ಲದಿರುವ ಒಂದು ಮೂಲದಿಂದ ಬಂದಿವೆ ಅಂದರು. ಮಾತು ದೊಡ್ಡದು. ಆದರೆ ಅವರಿಗೆ ಸಿಕ್ಕ ಹೆಸರು ಸ್ವಲ್ಪ ಜಾಸ್ತಿಯೇ ಆಯಿತು ಅಂತ ನನ್ನ ಅಭಿಪ್ರಾಯ. ಅವರು ಪದಗಳ ಸಾಲು ಕೊಟ್ಟು ಸಾಬೀತು ಮಾಡಲಿಲ್ಲ. ಅವರಿಗೂ ಇನ್ನೂರು ವರ್ಷ ಮೊದಲು, 1580ರ ದಶಕದಲ್ಲಿ, ಗೋವಾಕ್ಕೆ ಬಂದಿದ್ದ ಫ್ಲಾರೆನ್ಸಿನ ವ್ಯಾಪಾರಿ ಸಸ್ಸೆಟ್ಟಿ ತನ್ನ ಊರಿಗೆ ಕಾಗದ ಬರೆದಿದ್ದ. ಇಲ್ಲಿಯ ಆರು, ಏಳು, ಎಂಟು, ಒಂಬತ್ತು, ದೇವರು, ಹಾವು ಎಂಬ ಪದಗಳು ನಮ್ಮವಂತೇ ಇವೆ ಅಂತ. ಪುದುಚೇರಿಯ ಪಾದ್ರಿ ಕೂರ್ದೂ 1767ರಲ್ಲಿ ವ್ಯಾಕರಣವನ್ನೂ ಹೋಲಿಸಿ ಪ್ಯಾರಿಸಿಗೆ ಕಳಿಸಿದ್ದರು. ಅದು ಅಚ್ಚಾಗಲು ನಲವತ್ತು ವರ್ಷ ಹಿಡಿಯಿತು. ಕ್ರಿಯಾಪದಗಳನ್ನು ಸಾಲಾಗಿ ಇಟ್ಟು ತೋರಿಸಿದ ಫ್ರಾನ್ಜ್ ಬೊಪ್ ಪುಸ್ತಕ ಬಂದದ್ದು 1816ರಲ್ಲಿ.

ಅದೇ 1816ರಲ್ಲಿ ಮದ್ರಾಸಿನ ಕಲೆಕ್ಟರ್ ಎಲ್ಲಿಸ್ ಇನ್ನೊಂದನ್ನು ತೋರಿಸಿದರು. ತೆಲುಗು, ತಮಿಳು, ಕನ್ನಡದ ಧಾತುಗಳನ್ನು ಪಕ್ಕಪಕ್ಕ ಇಟ್ಟು, ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ಇವುಗಳದ್ದೇ ಬೇರೆ ಕುಟುಂಬ ಅಂದರು. ಎಲ್ಲರೂ ನೆನಪಿಡುವುದು 1856ರ ಕಾಲ್ಡ್‌ವೆಲ್ ಅವರನ್ನು. ಎಲ್ಲಿಸ್ ನಲವತ್ತು ವರ್ಷ ಮುಂಚೆಯೇ ಹೇಳಿದ್ದರು. ನಿಮ್ಮ ಮಗಳ ಎರಡೂ ಮಾತಿಗೆ, ಅಂದರೆ ಫಾರ್ಸಿ ನೆಂಟ ಅನ್ನುವುದಕ್ಕೂ ಕನ್ನಡ ಅಲ್ಲ ಅನ್ನುವುದಕ್ಕೂ, ಒಂದೇ ವರ್ಷದಲ್ಲಿ ಪುರಾವೆ ಅಚ್ಚಾಯಿತು ಅನ್ನಬಹುದು.

ಇದನ್ನು ಓದಿ ಯಾರೂ ಜನರ ರಕ್ತದ ಲೆಕ್ಕ ಹಾಕಬಾರದು. ಭಾಷೆಯ ಕುಟುಂಬ ಬೇರೆ, ಮನುಷ್ಯರ ಕುಟುಂಬ ಬೇರೆ. ಬೀದರ್‌ನ ಒಂದೇ ಓಣಿಯಲ್ಲಿ ದಖನಿ ಆಡುವವರೂ ಕನ್ನಡ ಆಡುವವರೂ ಹತ್ತು ತಲೆಮಾರಿನ ಹಿಂದೆ ಒಂದೇ ಅಜ್ಜನ ಮೊಮ್ಮಕ್ಕಳಾಗಿದ್ದಿರಬಹುದು. ಭಾಷೆಯನ್ನು ಜನ ಬಿಡುತ್ತಾರೆ, ಹಿಡಿಯುತ್ತಾರೆ. 1470ರ ಆಸುಪಾಸಿನ ಬೀದರ್ ನೆನಪಿಸಿಕೊಳ್ಳಿ. ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನಿನವನು. ಕುದುರೆ ಮಾರಲು ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಕೂಡ ಅದೇ ಪೇಟೆಯಲ್ಲಿದ್ದ. ರಷ್ಯನ್ನಿನಲ್ಲಿ ಎರಡು, ಮೂರು, ನೂರು ಅಂದರೆ 'ದ್ವಾ, ತ್ರಿ, ಸ್ತೋ'. ಸಂಸ್ಕೃತದಲ್ಲಿ 'ದ್ವ, ತ್ರಿ, ಶತ'. ಇಷ್ಟು ಹತ್ತಿರದ ಎಣಿಕೆ ಇದ್ದರೂ ವ್ಯಾಪಾರ ಮಾಡಲು ನಿಕಿತಿನ್‌ಗೆ ಅದರಿಂದ ಏನೂ ಉಪಯೋಗ ಆಗಿರಲಿಕ್ಕಿಲ್ಲ.

ಕೊನೆಗೆ, ನಿಮ್ಮ ಕಿವಿಗೆ ನ್ಯಾಯ ಸಲ್ಲಬೇಕಾದ ಒಂದು ಜಾಗ ಇದೆ. ಕನ್ನಡ, ಮರಾಠಿ, ದಖನಿ ಒಂದೇ ಅಚ್ಚಿನವು ಅಂತ ನಿಮಗೆ ಅನಿಸುವುದರಲ್ಲಿ ನಿಜ ಇದೆ. ಅದು ಹುಟ್ಟಿನ ನೆಂಟಸ್ತನ ಅಲ್ಲ, ಒಟ್ಟಿಗೆ ಬಾಳಿದ್ದರಿಂದ ಬಂದದ್ದು. ಸಾಂಗ್ಲಿ ಕಡೆಯ ಕುಪವಾಡ ಎಂಬ ಊರಿನ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ಪದಗಳು ಬೇರೆ ಬೇರೆ, ವಾಕ್ಯದ ಕಟ್ಟು ಮಾತ್ರ ಹೆಚ್ಚುಕಡಿಮೆ ಒಂದೇ. ಒಂದರ ಪದ ತೆಗೆದು ಇನ್ನೊಂದರ ಪದ ಇಟ್ಟರೆ ಸಾಕು, ಅನುವಾದ ಆಯಿತು. ನಿಮ್ಮಲ್ಲೂ ಹಾಗೇ. ದಖನಿಯವರ 'ನಕ್ಕೋ' ಮರಾಠಿಯ 'ನಕೋ'. 'ಬರ್ತೀನಿ ಅಂತ ಹೇಳಿದ' ಅನ್ನಲು ಅವರು 'ಆತೂಂ ಬೋಲ್ಕೆ ಬೋಲ್ಯಾ' ಅನ್ನುತ್ತಾರೆ. ದಿಲ್ಲಿಯ ಉರ್ದುವಿನಲ್ಲಿ ಆ ಜಾಗಕ್ಕೆ 'ಕಿ' ಬರುತ್ತದೆ, ಅದೂ ವಾಕ್ಯದ ನಡುವೆ, ಹೇಳಿದ ಅನ್ನುವುದು ಮುಗಿದ ಮೇಲೆ. ದಖನಿಯಲ್ಲಿ 'ಬೋಲ್ಕೆ' ಕೂರುವುದು ಸರಿಯಾಗಿ ನಮ್ಮ 'ಅಂತ' ಕೂರುವ ಜಾಗದಲ್ಲಿ. ಪದ ಅವರದು, ಜಾಗ ಕನ್ನಡ, ತೆಲುಗಿನದು. ನಾಳೆ ಗಿರಾಕಿಗಳು ಬಂದಾಗ ಇದನ್ನು ಕಿವಿಗೊಟ್ಟು ಕೇಳಿ, ಮಗಳಿಗೂ ಬರೆದಿಟ್ಟುಕೊಳ್ಳಲು ಹೇಳಿ. ದಖನಿಯಲ್ಲಿ ಇಂಥವು ಇನ್ನೂ ಬೇಕಾದಷ್ಟು ಸಿಗುತ್ತವೆ.